ಜಾಣ ಮಗು ಯಾರ ಸಾಧನೆ?

ಪಾಠಯೋಜನೆ ಬರೆಯುವಾಗ ನಮ್ಮ ಪ್ರಶಿಕ್ಷಣಾರ್ಥಿಗಳು ನಿಧಾನವಾಗಿ ಕಲಿಯುವ ಮಕ್ಕಳಿಗೆ ಯಾವ ಪರಿಹಾರ ಬೋಧನೆ ಬೇಕೆಂದು ಯೋಚಿಸಿ ಬರೆಯುತ್ತಾರೆ. ಬೇಗ ಕಲಿಯುವ ಮಗುವಿನ ವಿಷಯದಲ್ಲಿ ‘ಹೆಚ್ಚುವರಿ ಚಟುವಟಿಕೆ ನೀಡುವುದು’ ಎಂಬ ಒಂದು ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಆ ಮಗು ಹೇಗಿದ್ದರೂ ಕಲಿಯುತ್ತದೆ, ಅದಕ್ಕೆ ನಮ್ಮಿಂದ ಆಗಬೇಕಾದದ್ದು ಏನೂ ಇಲ್ಲ ಎಂದು ನಾವು ನಂಬಿದ್ದೇವೆ. ಈ ನಂಬಿಕೆ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಆಧಾರವಾಗಿ ನಮ್ಮ ತರಗತಿಗಳಿಂದ ಬಹು ದೂರದ ಒಬ್ಬ ಪಿಯಾನೋ ವಾದಕಿಯ ಬದುಕನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ರೂತ್ ಸ್ಲೆಂಚಿನ್ಸ್ಕಾ ಹುಟ್ಟಿದ್ದು 1925ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾಕ್ರಮೆಂಟೊ ನಗರದಲ್ಲಿ. ತಂದೆ ಪೋಲೆಂಡ್ ಮೂಲದ ಪಿಟೀಲು ವಾದಕ. ಮಗಳನ್ನು ಮಹಾನ್ ಸಂಗೀತಗಾರ್ತಿಯನ್ನಾಗಿ ಮಾಡಬೇಕೆಂದು ಆತ ಆಕೆ ತೊಟ್ಟಿಲಲ್ಲಿರುವಾಗಲೇ ತೀರ್ಮಾನಿಸಿಬಿಟ್ಟಿದ್ದ. ಹುಡುಗಿ ನಾಲ್ಕನೆಯ ವಯಸ್ಸಿಗೆ ಸಭೆಯ ಮುಂದೆ ನುಡಿಸಿದಳು, ಆರನೆಯ ವಯಸ್ಸಿಗೆ ಬರ್ಲಿನ್‌ನಲ್ಲಿ ಕಛೇರಿ ಕೊಟ್ಟಳು. 1933ರಲ್ಲಿ ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ನುಡಿಸಿದಾಗ ಅವಳಿಗೆ ಎಂಟು ವರ್ಷ. ಮರುವರ್ಷ ರಷ್ಯಾದ ಖ್ಯಾತ ವಾದಕ ರಾಖ್ಮನಿನೋಫ್ ಅವರು ಬರಲಾಗದ ಕಛೇರಿಯೊಂದನ್ನು ಈ ಪುಟ್ಟ ಹುಡುಗಿ ನಡೆಸಿಕೊಟ್ಟಳು. ಪತ್ರಿಕೆಗಳು ಕೊಂಡಾಡಿದವು. ಅಷ್ಟು ಒಳ್ಳೆಯ ಫಲಿತಾಂಶವನ್ನು ಯಾವ ವೀಕ್ಷಕರು ತಾನೇ ಮೆಚ್ಚದೆ ಇದ್ದಾರು?

ವೇದಿಕೆಯ ಹಿಂದಿನ ಸಂಗತಿಯನ್ನು ಅವರೇ 1957ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಬರೆದರು. ‘ನಿಷೇಧಿತ ಬಾಲ್ಯ’ ಎಂಬ ಅರ್ಥದ ಹೆಸರಿನ ಪುಸ್ತಕ ಅದು. ದಿನಕ್ಕೆ ಒಂಬತ್ತು ಗಂಟೆಗಳ ಅಭ್ಯಾಸ. ಒಂದು ಸ್ವರ ತಪ್ಪಿದರೆ ಕೆನ್ನೆಗೆ ಏಟು. ಆಟಕ್ಕೆ, ಗೆಳತಿಯರಿಗೆ ದಿನದಲ್ಲಿ ಜಾಗವೇ ಇರಲಿಲ್ಲ. ಹದಿನೈದರ ಹೊತ್ತಿಗೆ ವಿಮರ್ಶಕರ ಮೆಚ್ಚುಗೆಯೂ ಇಳಿಯಿತು. ಆಕೆ ವೇದಿಕೆ ಬಿಟ್ಟರು. ತಂದೆಯ ಹಿಡಿತದಿಂದ ಬಿಡಿಸಿಕೊಂಡು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿದರು.

ಇಲ್ಲಿ ಕೆಲವರು ಒಂದು ಆಕ್ಷೇಪ ಎತ್ತಬಹುದು. ಅಷ್ಟು ಕಠಿಣ ಶಿಸ್ತು ಇಲ್ಲದಿದ್ದರೆ ಅಂಥ ವಾದಕಿ ಸಿದ್ಧವಾಗುತ್ತಿದ್ದರೇ? ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಆ ವಯಸ್ಸಿನಲ್ಲಿ ಬೆರಳಿಗೆ ಬಂದ ವಿದ್ಯೆ ಅವರನ್ನು ಬಿಟ್ಟುಹೋಗಲಿಲ್ಲ. ಐವತ್ತರ ದಶಕದಲ್ಲಿ ಮತ್ತೆ ವೇದಿಕೆಗೆ ಬಂದರು. 1964ರಿಂದ 1987ರವರೆಗೆ ಇಲಿನಾಯ್ ರಾಜ್ಯದ ಎಡ್ವರ್ಡ್ಸ್‌ವಿಲ್‌ನ ವಿಶ್ವವಿದ್ಯಾಲಯದಲ್ಲಿ ಪಿಯಾನೋ ಕಲಿಸಿದರು. 2022ರಲ್ಲಿ, 97ನೆಯ ವಯಸ್ಸಿನಲ್ಲಿ, ಡೆಕ್ಕಾ ಕಂಪನಿಯಿಂದ ಅವರ ಹೊಸ ಧ್ವನಿಮುದ್ರಿಕೆ ಬಂತು. ಆದರೆ ಆ ಮರಳುವಿಕೆ ಹೇಗಾಯಿತೆಂಬುದನ್ನೂ ನೋಡಬೇಕು. ಬಹು ವರ್ಷಗಳ ಬಿಡುವಿನ ನಂತರ, ಯಾರೂ ತಳ್ಳದೆ, ತಾವಾಗಿಯೇ ಬಂದರು. ಅಭ್ಯಾಸ ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಏಟಿನಿಂದ ಬಂದ ನೈಪುಣ್ಯವನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಅದೇ ಏಟಿನಿಂದ ಕಳೆದುಹೋದ ವರ್ಷಗಳನ್ನು ಲೆಕ್ಕದಿಂದ ಬಿಡುವುದು ಸರಿಯಾದ ಮೌಲ್ಯಮಾಪನವಲ್ಲ.

ಇದಕ್ಕೆ ಹೋಲಿಸಿ ನೋಡಲು ಇನ್ನೊಂದು ಬದುಕಿದೆ. ರೂತ್ ಚಿಕ್ಕವಳಿದ್ದಾಗ ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಸಂಸ್ಥೆಯಲ್ಲಿ ಆಕೆಗೆ ಕೆಲಕಾಲ ಕಲಿಸಿದ ಯೋಸೆಫ್ ಹಾಫ್‌ಮನ್ ಕೂಡ ಬಾಲಪ್ರತಿಭೆಯೇ. ಪೋಲೆಂಡಿನ ಈ ಹುಡುಗ 1887ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾ ಭವನದಲ್ಲಿ ನುಡಿಸಿ ಹೆಸರಾದ. ಕಛೇರಿಗಳ ಮೇಲೆ ಕಛೇರಿಗಳು ನಡೆದವು. ಆಗ ಮಕ್ಕಳ ಮೇಲಿನ ಕ್ರೌರ್ಯ ತಡೆಯುವ ಸಂಘವೊಂದು ಮಧ್ಯೆ ಪ್ರವೇಶಿಸಿತು. ಆಲ್ಫ್ರೆಡ್ ಕಾರ್ನಿಂಗ್ ಕ್ಲಾರ್ಕ್ ಎಂಬ ಶ್ರೀಮಂತರು ಕುಟುಂಬಕ್ಕೆ 50,000 ಡಾಲರ್ ಕೊಟ್ಟರು. ಹದಿನೆಂಟು ತುಂಬುವವರೆಗೆ ಹುಡುಗ ಸಾರ್ವಜನಿಕವಾಗಿ ನುಡಿಸಕೂಡದು ಎಂಬುದು ಷರತ್ತು. ಅವನು ಯುರೋಪಿಗೆ ಮರಳಿ ಓದಿದ, ಮಹಾನ್ ವಾದಕ ಆಂಟನ್ ರೂಬಿನ್‌ಸ್ಟೈನ್ ಅವರ ಶಿಷ್ಯನಾದ, 1894ರಲ್ಲಿ ಮತ್ತೆ ವೇದಿಕೆ ಏರಿದ. ಮುಂದೆ ಕರ್ಟಿಸ್ ಸಂಸ್ಥೆಯ ನಿರ್ದೇಶಕರಾದ ಅವರ ಹೆಸರಿನಲ್ಲಿ ಯಂತ್ರೋಪಕರಣಗಳ ಹಲವು ಪೇಟೆಂಟ್‌ಗಳೂ ಇವೆ. ಅವರ ಕೊನೆಯ ವರ್ಷಗಳು ಸುಖದ್ದೇನಲ್ಲ, ಕುಡಿತ ಅವರ ವಾದನವನ್ನು ಕೆಡಿಸಿತು. ಬಿಡುವು ಕೊಟ್ಟರೆ ಬದುಕೆಲ್ಲ ನೇರವಾಗುತ್ತದೆ ಎಂದು ನಾನು ಹೇಳಲಾರೆ. ಆದರೆ ಆ ಆರೇಳು ವರ್ಷಗಳಲ್ಲಿ ಅವನ ಕಲಿಕೆ ನಿಂತಿರಲಿಲ್ಲ. ನಿಂತದ್ದು ಪ್ರದರ್ಶನ ಮಾತ್ರ. ಕಲಿಕೆ ಬೇರೆ, ಪ್ರದರ್ಶನ ಬೇರೆ ಎಂಬ ಈ ವ್ಯತ್ಯಾಸವೇ ನಮಗೆ ಮುಖ್ಯ.

ಏಕೆಂದರೆ ಬೋಧನಾಭ್ಯಾಸದ ದಿನಗಳಲ್ಲಿ ಈ ಎರಡನ್ನೂ ನಾವು ಸುಲಭವಾಗಿ ಒಂದು ಮಾಡಿಬಿಡುತ್ತೇವೆ. ನಾನು ಪಾಠ ವೀಕ್ಷಣೆಗೆ ಹೋದ ಎಷ್ಟೋ ತರಗತಿಗಳಲ್ಲಿ ಪ್ರಶ್ನೆ ಬಿದ್ದೊಡನೆ ಮುಂದಿನ ಬೆಂಚಿನ ಇಬ್ಬರು ಮೂವರತ್ತಲೇ ಪ್ರಶಿಕ್ಷಣಾರ್ಥಿಯ ಕಣ್ಣು ಹೋಗುತ್ತದೆ. ಉತ್ತರ ಬರುತ್ತದೆ, ‘ಶಹಬ್ಬಾಸ್’ ಬರುತ್ತದೆ, ಪಾಠ ಸಲೀಸಾಗಿ ಸಾಗುತ್ತದೆ. ವೀಕ್ಷಣಾ ಪುಸ್ತಕದಲ್ಲಿ ‘ಮಕ್ಕಳ ಪ್ರತಿಕ್ರಿಯೆ ಉತ್ತಮ’ ಎಂದು ದಾಖಲಾಗುತ್ತದೆ. ಆದರೆ ಉತ್ತರಿಸಿದ ಆ ಹುಡುಗಿ ಆ ನಲವತ್ತು ನಿಮಿಷಗಳಲ್ಲಿ ಹೊಸದಾಗಿ ಏನು ಕಲಿತಳು? ಬಹುಪಾಲು ಏನೂ ಇಲ್ಲ. ಅವಳಿಗೆ ಮೊದಲೇ ಗೊತ್ತಿದ್ದುದನ್ನು ನಮ್ಮ ಸಾಧನೆಯಾಗಿ ತೋರಿಸಿಕೊಂಡೆವು, ಅಷ್ಟೆ. ಯಾರೂ ಅವಳಿಗೆ ಹೊಡೆಯಲಿಲ್ಲ, ನಿಜ. ಹಾಗಿದ್ದರೂ ಮಗುವಿನ ಜಾಣತನವನ್ನು ದೊಡ್ಡವರು ತಮ್ಮ ಯಶಸ್ಸಿನ ಸಾಕ್ಷಿಯಾಗಿ ಬಳಸುವ ಗುಣ ಎರಡೂ ಕಡೆ ಇದೆ. ಪ್ರತಿಭಾ ಕಾರಂಜಿ, ರಸಪ್ರಶ್ನೆ, ಭಾಷಣ, ಸ್ವಾಗತಗೀತೆ ಎಲ್ಲಕ್ಕೂ ಅದೇ ಮಗುವನ್ನು ಕಳಿಸುವಾಗಲೂ ನಡೆಯುವುದು ಇದೇ. ಇಂಥ ಮಗುವಿಗೆ ತಪ್ಪು ಮಾಡುವ ಅವಕಾಶ ಕ್ರಮೇಣ ಇಲ್ಲವಾಗುತ್ತದೆ. ತಪ್ಪಿದ ದಿನ ತನಗೆ ಬೆಲೆ ಇಲ್ಲ ಎಂಬ ಅಂಜಿಕೆ ಒಳಗೇ ಬೆಳೆಯುತ್ತದೆ.

ಹಾಗಾದರೆ ಏನು ಮಾಡಬಹುದು? ಮೂರು ಸಲಹೆಗಳನ್ನು ಮುಂದಿಡುತ್ತೇನೆ. ಒಂದು, ಸಹಪಾಠಿಯ ಪಾಠ ವೀಕ್ಷಿಸುವಾಗ ಯಾವ ಮಗು ಎಷ್ಟು ಬಾರಿ ಉತ್ತರಿಸಿತು ಎಂದು ಗುರುತು ಹಾಕಿಕೊಳ್ಳಿ. ವಿಮರ್ಶೆಯ ಹೊತ್ತಿನಲ್ಲಿ ಆ ಪಟ್ಟಿಯನ್ನೇ ಮೊದಲು ಮುಂದಿಡಿ. ಎರಡು, ಪಾಠಯೋಜನೆಯಲ್ಲಿ ‘ಹೆಚ್ಚುವರಿ ಚಟುವಟಿಕೆ’ ಎಂದು ಬರೆಯುವ ಬದಲು, ಬೇಗ ಕಲಿಯುವ ಮಗುವೂ ತಡವರಿಸಬಹುದಾದ, ತಪ್ಪಬಹುದಾದ ಒಂದು ಪ್ರಶ್ನೆಯನ್ನು ಬರೆಯಿರಿ. ತಪ್ಪಿದಾಗ ಇತರ ಮಕ್ಕಳೊಡನೆ ಹೇಗೆ ನಡೆದುಕೊಳ್ಳುತ್ತೀರೋ ಹಾಗೆಯೇ ನಡೆದುಕೊಳ್ಳಿ. ಮೂರು, ಸ್ಪರ್ಧೆಗೆ ಹೆಸರು ಕೊಡುವ ಮೊದಲು ಮಗುವನ್ನು ಕೇಳಿ. ಅದು ‘ಬೇಡ’ ಎಂದರೆ ಒಪ್ಪಿಕೊಳ್ಳಿ.

ಮಾರ್ಗದರ್ಶಕರಾದ ನಮಗೂ ಇದರಲ್ಲಿ ಪಾಲಿದೆ. ಸಲೀಸಾಗಿ ಸಾಗಿದ ಪಾಠಕ್ಕೇ ನಾವು ಹೆಚ್ಚು ಅಂಕ ಕೊಡುತ್ತಿದ್ದರೆ ಪ್ರಶಿಕ್ಷಣಾರ್ಥಿಗಳು ಜಾಣ ಮಕ್ಕಳನ್ನೇ ಆಶ್ರಯಿಸುವುದು ಸಹಜ. ಉತ್ತರ ತಡವಾಗಿ ಬಂದ, ಎಲ್ಲ ಮಕ್ಕಳೂ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ ಪಾಠಕ್ಕೂ ಒಳ್ಳೆಯ ಅಂಕ ಸಿಗುವಂತಾದರೆ ಮುಂದಿನ ಬೆಂಚಿನ ಹುಡುಗಿಯೂ ಅಂದು ಏನಾದರೂ ಕಲಿತು ಮನೆಗೆ ಹೋದಾಳು.