ಮಂದ ಬೆಳಕು, ವೇಗದ ಆಟ, ನಿಜವಾದ ಚಿತ್ರ

ಕಳೆದ ವರ್ಷ ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಏರ್ಪಡಿಸಿದ್ದ ಛಾಯಾಚಿತ್ರ ಸ್ಪರ್ಧೆಗೆ ನಮ್ಮನ್ನು ತೀರ್ಪುಗಾರರನ್ನಾಗಿ ಕರೆದಿದ್ದರು. ಸ್ಪರ್ಧೆಯ ವಿಷಯ ಒಳಾಂಗಣದ ಆಟಗಳು. ಕೊನೆಗೆ ಉಳಿದ ಎರಡು ಚಿತ್ರಗಳೂ ಒಂದೇ ಷಟಲ್ ಬ್ಯಾಡ್‌ಮಿಂಟನ್ ಪಂದ್ಯದವು. ಮೊದಲನೆಯದರಲ್ಲಿ ಆಟಗಾರ್ತಿ ನೆಲದಿಂದ ಮೊಳದಷ್ಟು ಮೇಲಕ್ಕೆ ನೆಗೆದಿದ್ದಳು. ಕಣ್ಣು ಷಟಲಿನ ಮೇಲೆ ನೆಟ್ಟಿತ್ತು. ಮುಖದ ಬಿಗಿತವೂ ಸ್ಪಷ್ಟವಾಗಿತ್ತು. ಆದರೆ ಚಿತ್ರದ ಮೈಯೆಲ್ಲ ರವೆ ಎರಚಿದಂತೆ ಸಣ್ಣ ಸಣ್ಣ ಚುಕ್ಕೆಗಳು. ಎರಡನೆಯದು ಹಾಲಿನ ಕೆನೆಯಂತೆ ನುಣುಪಾಗಿತ್ತು. ನಾವು ನುಣುಪಿಗೆ ಮರುಳಾಗಿ ಅದಕ್ಕೇ ಬಹುಮಾನ ಕೊಟ್ಟೆವು.

ಮನೆಗೆ ಬಂದು ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ನಮಗೆ ನಾಚಿಕೆಯಾಯಿತು. ಷಟಲಿನ ಗರಿಗಳ ನಡುವಣ ಸಂದುಗಳು ಮಾಯವಾಗಿ ಅದೊಂದು ಪಿಂಗಾಣಿಯ ಬಟ್ಟಲಿನಂತೆ ಕಾಣುತ್ತಿತ್ತು. ರಾಕೆಟ್ಟಿನ ತಂತಿಗಳು ನಡುದಾರಿಯಲ್ಲಿಯೇ ನಿಂತುಹೋಗಿದ್ದವು. ಹಿಡಿಯ ಮೇಲಣ ಎರಡು ಬೆರಳುಗಳು ಬೆಸೆದು ಒಂದಾಗಿದ್ದವು. ಚುಕ್ಕೆಗಳನ್ನು ಅಳಿಸುವ ತಂತ್ರಾಂಶವು ಚುಕ್ಕೆಗಳೊಡನೆ ಗರಿಗಳನ್ನೂ ಅಳಿಸಿ, ತನಗೆ ತೋರಿದುದನ್ನು ಆ ಜಾಗದಲ್ಲಿ ಬಳಿದಿತ್ತು. ಬಹುಮಾನ ಪಡೆದ ವಿದ್ಯಾರ್ಥಿ ವಂಚಿಸಿದನೆಂದು ನಾವು ಹೇಳುವುದಿಲ್ಲ. ಅವನ ಮೊಬೈಲ್ ಫೋನು ಅವನನ್ನು ಕೇಳದೆಯೇ ಈ ಕೆಲಸ ಮಾಡಿರಬಹುದು. ಮೋಸಹೋದವರು ಭೌತಶಾಸ್ತ್ರ ಕಲಿಸುವ ನಾವು.

ಆ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಈ ಮಾತುಗಳನ್ನು ಬರೆಯುತ್ತಿದ್ದೇವೆ. ಮಂದ ಬೆಳಕಿನಲ್ಲಿ ವೇಗದ ಆಟದ ಚಿತ್ರ ತೆಗೆಯುವವರು ಚುಕ್ಕೆಗಳಿಗೆ ಅಂಜಬೇಕಾಗಿಲ್ಲ, ಫ್ಲಾಷ್ ದೀಪಕ್ಕೆ ಕೈಚಾಚಲೂ ಬಾರದು ಎಂಬುದು ನಮ್ಮ ಅಭಿಪ್ರಾಯ. ಹೀಗೇಕೆಂಬುದನ್ನು ವಿಚಾರಮಾಡಿ ನೋಡೋಣ.

ಮೊದಲು ಬೆಳಕಿನ ಬಡತನವನ್ನು ಲೆಕ್ಕಹಾಕಬೇಕು. ಬಿಸಿಲು ನೇರವಾಗಿ ಬೀಳುವ ಬಯಲಿನಲ್ಲಿ ನಡುಹಗಲಿನ ಪ್ರಕಾಶ ಸುಮಾರು ೧,೦೦,೦೦೦ ಲಕ್ಸ್. ಒಂದು ಸಾಧಾರಣ ಕಾಲೇಜಿನ ಆಟದ ಹಜಾರದಲ್ಲಿ ಅದು ೩೦೦ ಲಕ್ಸ್ ಇದ್ದರೆ ಹೆಚ್ಚು. ಎಂದರೆ ಹೊರಗಿನ ಬೆಳಕಿನ ಮುನ್ನೂರರಲ್ಲಿ ಒಂದು ಪಾಲು. ಬ್ಯಾಡ್‌ಮಿಂಟನ್ನಿಗಂತೂ ಗೋಡೆಗಳು ಗಾಢವರ್ಣದವಾಗಿರಬೇಕು, ಇಲ್ಲದಿದ್ದರೆ ಬಿಳಿಯ ಷಟಲ್ ಕಾಣುವುದಿಲ್ಲ. ದೀಪಗಳು ಅಂಕಣದ ಪಕ್ಕಕ್ಕೆ ಸರಿದಿರಬೇಕು, ಇಲ್ಲದಿದ್ದರೆ ಮೇಲೆ ನೋಡುವ ಆಟಗಾರನ ಕಣ್ಣು ಕುಕ್ಕುತ್ತದೆ. ನಮ್ಮ ಕಣ್ಣು ಈ ಬಡತನಕ್ಕೆ ಒಗ್ಗಿಕೊಳ್ಳುವುದರಿಂದ ಅದು ನಮಗೆ ಗೊತ್ತಾಗುವುದೇ ಇಲ್ಲ. ಕ್ಯಾಮರಾಕ್ಕೆ ಮಾತ್ರ ಗೊತ್ತಾಗುತ್ತದೆ.

ಕ್ಯಾಮರಾಕ್ಕೆ ಬೆಳಕು ತುಂಬುವುದು ನಲ್ಲಿಯಿಂದ ಕೊಡ ತುಂಬಿದಂತೆ. ನಲ್ಲಿಯನ್ನು ಎಷ್ಟು ತಿರುಗಿಸಿದ್ದೇವೆ ಎಂಬುದು ಮಸೂರದ ದ್ವಾರ. ಎಷ್ಟು ಹೊತ್ತು ಬಿಟ್ಟಿದ್ದೇವೆ ಎಂಬುದು ಷಟರಿನ ಕಾಲ. ಮೂರನೆಯದು ಸೂಕ್ಷ್ಮತೆ, ಛಾಯಾಗ್ರಾಹಕರ ಮಾತಿನಲ್ಲಿ ಐಎಸ್‌ಒ. ಇದು ನೀರನ್ನು ಹೆಚ್ಚಿಸುವ ಉಪಾಯವೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ನೀರು ಸಾಲದಾದಾಗ ಕೊಡವನ್ನು ತೆಗೆದು ಚೆಂಬನ್ನಿಟ್ಟು “ತುಂಬಿತು” ಎನ್ನುವ ಉಪಾಯ ಅದು. ಬಂದ ನೀರು ಬಂದಷ್ಟೇ.

ಈಗ ಅಂಕೆಗಳನ್ನು ನೋಡಿ. ೩೦೦ ಲಕ್ಸ್ ಬೆಳಕಿನಲ್ಲಿ ದ್ವಾರ ಎಫ್ ೨.೮, ಐಎಸ್‌ಒ ೧೦೦ ಇಟ್ಟರೆ ಷಟರು ೧/೧೬ ಸೆಕೆಂಡು ತೆರೆದಿರಬೇಕು. ಸೆಕೆಂಡಿಗೆ ೪ ಮೀಟರ್ ವೇಗದಲ್ಲಿ ಓಡುವ ಆಟಗಾರ್ತಿ ಅಷ್ಟರಲ್ಲಿ ೨೫ ಸೆಂಟಿಮೀಟರ್ ಸರಿದಿರುತ್ತಾಳೆ. ಚಿತ್ರದಲ್ಲಿ ಮುಖದ ಬದಲು ಒಂದು ಬಳಿದ ಗೆರೆ ಉಳಿಯುತ್ತದೆ. ಅವಳನ್ನು ಹಿಡಿದು ನಿಲ್ಲಿಸಲು ೧/೧೦೦೦ ಸೆಕೆಂಡು ಬೇಕೆನ್ನೋಣ. ಆಗ ಬರುವ ಬೆಳಕು ಸುಮಾರು ೬೪ರಲ್ಲಿ ಒಂದು ಪಾಲು. ಐಎಸ್‌ಒ ೬೪೦೦ಕ್ಕೆ ಏರಲೇಬೇಕು. ಕ್ಯಾಮರಾದೊಡನೆ ಅಗ್ಗವಾಗಿ ಸಿಗುವ ಮಸೂರದ ದ್ವಾರ ಎಫ್ ೫.೬ ಆಗಿದ್ದರೆ ಇನ್ನೂ ನಾಲ್ಕು ಪಟ್ಟು, ಎಂದರೆ ೨೫,೬೦೦. ಇದರಲ್ಲಿ ಚೌಕಾಸಿಗೆ ಎಡೆಯಿಲ್ಲ. ಚುಕ್ಕೆಗಳು ಬರಬಾರದೆಂದು ಹಟ ಹಿಡಿದು ಷಟರಿನ ಕಾಲವನ್ನು ಹೆಚ್ಚಿಸಿದರೆ ಆಟವೇ ಕಳೆದುಹೋಗುತ್ತದೆ. ಕದಡಿಹೋದ ಮುಖವನ್ನು ಮತ್ತೆ ಪಡೆಯುವುದು ಸಾಧ್ಯವಿಲ್ಲ. ಚುಕ್ಕೆಗಳ ಹಿಂದೆ ಮುಖವಾದರೂ ಇರುತ್ತದೆ.

“ಬೆಳಕು ಸಾಲದಿದ್ದರೆ ಬೆಳಕು ಹಾಕಿಕೊಳ್ಳಬಾರದೆ? ಫ್ಲಾಷ್ ವಿಜ್ಞಾನದ ಕೊಡುಗೆಯಲ್ಲವೆ?” ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ ಮೈಬ್ರಿಡ್ಜ್ ಎಂಬಾತ ೧೮೭೮ರಲ್ಲಿ ಓಡುವ ಕುದುರೆಯ ಚಿತ್ರಗಳನ್ನು ಹನ್ನೆರಡು ಕ್ಯಾಮರಾಗಳಿಂದ ತೆಗೆದಾಗ ಅವನಿಗೆ ಬಯಲಿನ ಬಿಸಿಲಿನ ನೆರವಿತ್ತು. ೧೯೩೦ರ ದಶಕದಲ್ಲಿ ಹೆರಾಲ್ಡ್ ಎಡ್ಜರ್ಟನ್ನರು ವಿದ್ಯುತ್ ಫ್ಲಾಷನ್ನು ಬಳಸಿ, ಕಣ್ಣಿಗೆ ಸಿಗದ ಚಲನೆಗಳನ್ನು ಚಿತ್ರದಲ್ಲಿ ನಿಲ್ಲಿಸಿ ತೋರಿಸಿದರು. ಅದು ದೊಡ್ಡ ಸಾಧನೆ, ಸಂದೇಹವಿಲ್ಲ. ಆದರೆ ಪ್ರಯೋಗಶಾಲೆಯಲ್ಲಿ ಸಾಧನವಾದುದು ಪಂದ್ಯದ ಅಂಕಣದಲ್ಲಿ ಉಪದ್ರವವಾಗುತ್ತದೆ. ಮಂದ ಬೆಳಕಿಗೆ ಹೊಂದಿಕೊಂಡ ಕಣ್ಣಿಗೆ ಫ್ಲಾಷ್ ಹೊಡೆದರೆ ಆ ಗಳಿಗೆ ಷಟಲ್ ಕಾಣುವುದಿಲ್ಲ. ಒಂದು ಅಂಕ ಹೋಗಲು ಅಷ್ಟು ಸಾಕು, ಕಾಲು ತಪ್ಪಿ ಬೀಳಲೂ ಸಾಕು. ದೊಡ್ಡ ಪಂದ್ಯಗಳಲ್ಲಿ ಅದನ್ನು ನಿಷೇಧಿಸಿರುವುದು ಇದಕ್ಕಾಗಿಯೇ.

ಪ್ರೇಕ್ಷಕರ ಸಾಲಿನಿಂದ ಹೊಡೆಯುವ ಫ್ಲಾಷಿನಿಂದ ಪ್ರಯೋಜನವಾದರೂ ಉಂಟೆ? ವಿಲೋಮ ವರ್ಗ ನಿಯಮವನ್ನು ನೀವು ಪಾಠದಲ್ಲಿ ಓದಿದ್ದೀರಿ. ಎರಡು ಮೀಟರ್ ದೂರದಲ್ಲಿ ಬೀಳುವ ಬೆಳಕಿನ ನೂರರಲ್ಲಿ ಒಂದು ಪಾಲು ಮಾತ್ರ ಇಪ್ಪತ್ತು ಮೀಟರ್ ದೂರವನ್ನು ತಲುಪುತ್ತದೆ. ಫೋನಿನ ಪುಟ್ಟ ದೀಪ ಬೆಳಗುವುದು ಮುಂದಿನ ಸಾಲಿನವರ ತಲೆಗೂದಲನ್ನು. ಆಟಗಾರರಿಗೆ ಅದರಿಂದ ತೊಂದರೆಯುಂಟು, ಚಿತ್ರಕ್ಕೆ ಲಾಭವಿಲ್ಲ.

ಇನ್ನು ಚುಕ್ಕೆಗಳ ಮಾತು. ಐಎಸ್‌ಒ ಹೆಚ್ಚಿಸಿದ್ದರಿಂದ ಚುಕ್ಕೆಗಳು ಹುಟ್ಟಿದುವೆಂದು ಎಲ್ಲರೂ ಹೇಳುತ್ತಾರೆ. ಇದು ತಪ್ಪು ತಿಳಿವಳಿಕೆ. ಬೆಳಕು ಎಡೆಬಿಡದ ಧಾರೆಯಲ್ಲ, ಬಿಡಿಬಿಡಿಯಾದ ಕಣಗಳಾಗಿಯೂ ವರ್ತಿಸುತ್ತದೆ ಎಂಬ ಭಾವನೆಯನ್ನು ಐನ್‌ಸ್ಟೈನರು ೧೯೦೫ರಲ್ಲಿ ಮುಂದಿಟ್ಟರು. ಈ ಕಣಗಳೇ ಫೋಟಾನುಗಳು. ಮಳೆ ಬರುವ ಮುನ್ನ ಅಂಗಳದಲ್ಲಿ ಒಂದೇ ಅಳತೆಯ ನೂರು ಬಟ್ಟಲುಗಳನ್ನು ಸಾಲಾಗಿ ಇಟ್ಟಿದ್ದೀರೆಂದು ಊಹಿಸಿಕೊಳ್ಳಿ. ಒಂದು ಗಂಟೆ ಮಳೆ ಸುರಿದರೆ ಎಲ್ಲ ಬಟ್ಟಲುಗಳಲ್ಲೂ ನೀರು ಹೆಚ್ಚುಕಡಮೆ ಒಂದೇ ಮಟ್ಟದಲ್ಲಿರುತ್ತದೆ. ನಾಲ್ಕೇ ಹನಿ ಉದುರಿ ಮೋಡ ಸರಿದರೆ ಒಂದರಲ್ಲಿ ಎರಡು ಹನಿ, ಪಕ್ಕದ್ದರಲ್ಲಿ ಆರು, ಮತ್ತೊಂದು ಒಣಗಿದ್ದೇ. ಕ್ಯಾಮರಾದ ಸಂವೇದಕ ಇಂತಹ ಲಕ್ಷಾಂತರ ಬಟ್ಟಲುಗಳ ಹಾಸು. ಸರಾಸರಿ ೧೦,೦೦೦ ಫೋಟಾನುಗಳು ಬೀಳುವ ಕಡೆ ಏರಿಳಿತ ಅದರ ವರ್ಗಮೂಲದಷ್ಟು, ಎಂದರೆ ೧೦೦. ಇದು ನೂರಕ್ಕೆ ಒಂದು. ೧೦೦ ಫೋಟಾನುಗಳಷ್ಟೇ ಬಿದ್ದರೆ ಏರಿಳಿತ ೧೦. ಇದು ನೂರಕ್ಕೆ ಹತ್ತು, ಕಣ್ಣಿಗೆ ಹೊಡೆದು ಕಾಣುವಷ್ಟು. ಸಂವೇದಕದ ವಿದ್ಯುನ್ಮಂಡಲವೂ ತನ್ನ ಪಾಲಿನ ಗದ್ದಲವನ್ನು ಸ್ವಲ್ಪ ಸೇರಿಸುವುದುಂಟು. ಆದರೆ ಇಂದಿನ ಒಳ್ಳೆಯ ಕ್ಯಾಮರಾಗಳಲ್ಲಿ ದೊಡ್ಡ ಪಾಲು ಬೆಳಕಿನದೇ. ಚುಕ್ಕೆಗಳು ಮೂಡುವುದು ಫೋಟಾನುಗಳ ಕೊರತೆಯಿಂದ. ಐಎಸ್‌ಒ ಆ ಕೊರತೆಯನ್ನು ಎತ್ತಿ ತೋರಿಸುತ್ತದೆ, ಅಷ್ಟೆ. ಚುಕ್ಕೆಚುಕ್ಕೆಯಾದ ಚಿತ್ರವೆಂದರೆ ಆ ಹಜಾರದಲ್ಲಿ ಆ ಗಳಿಗೆಯಲ್ಲಿ ಎಷ್ಟು ಬೆಳಕಿತ್ತು ಎಂಬುದರ ಪ್ರಾಮಾಣಿಕ ವರದಿ.

ಹಾಗಾದರೆ ಫೋಟಾನುಗಳನ್ನು ಹೆಚ್ಚಿಸಿಕೊಳ್ಳುವುದು ಹೇಗೆ? ದೊಡ್ಡ ಮಸೂರ ಒಂದು ದಾರಿ. ಅದರ ಮಹತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ೮೫ ಮಿಲಿಮೀಟರ್ ಸಂಗಮ ದೂರವುಳ್ಳ ಎಫ್ ೧.೮ ಮಸೂರದ ದ್ವಾರದ ವ್ಯಾಸ ಸುಮಾರು ೪೭ ಮಿಲಿಮೀಟರ್. ಫೋನಿನ ಮಸೂರದ್ದು ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು. ವಿಸ್ತೀರ್ಣದಲ್ಲಿ ಇದು ಇನ್ನೂರು ಪಟ್ಟಿನ ಅಂತರ. ಆದರೆ ಇದನ್ನು ಕೇಳಿ ಸಾಲಮಾಡಿ ಅಂಗಡಿಗೆ ಓಡಬೇಡಿ. ದುಡ್ಡಿಲ್ಲದ ದಾರಿಗಳೂ ಇವೆ. ಇಪ್ಪತ್ತು ಮೀಟರಿನಿಂದ ಹತ್ತು ಮೀಟರಿಗೆ ಹತ್ತಿರ ಬಂದರೆ, ಆಟಗಾರನಿಂದ ಹೊರಟು ಅದೇ ಮಸೂರವನ್ನು ಹೊಗುವ ಬೆಳಕು ನಾಲ್ಕರಷ್ಟಾಗುತ್ತದೆ. ದೂರ ಕುಳಿತು ಚಿತ್ರವನ್ನು ಹಿಗ್ಗಿಸುವುದಕ್ಕಿಂತ, ಅನುಮತಿ ಪಡೆದು ನಾಲ್ಕು ಹೆಜ್ಜೆ ನಡೆಯುವುದು ಮೇಲು.

ಎರಡನೆಯ ದಾರಿಯನ್ನು ನ್ಯೂಟನ್ನನ ನಿಯಮಗಳೇ ತೋರಿಸುತ್ತವೆ. ನೆಗೆದ ದೇಹ ತುತ್ತತುದಿಯನ್ನು ಮುಟ್ಟಿದಾಗ ಅದರ ಲಂಬ ವೇಗ ಸೊನ್ನೆ. ಆ ಗಳಿಗೆಯ ಹಿಂದೆ ಮುಂದೆ ೦.೦೫ ಸೆಕೆಂಡಿನವರೆಗೆ ವೇಗ ಸೆಕೆಂಡಿಗೆ ಅರ್ಧ ಮೀಟರನ್ನು ದಾಟುವುದಿಲ್ಲ. ಎಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ಆಟಗಾರ್ತಿ ಗಾಳಿಯಲ್ಲಿ ತೂಗಿಟ್ಟಂತಿರುತ್ತಾಳೆ. ಆಗ ೧/೨೫೦ ಸೆಕೆಂಡಿನ ಷಟರಿನಲ್ಲಿಯೂ ಮುಂಡದ ಏರಿಳಿತ ಎರಡು ಮಿಲಿಮೀಟರಿನೊಳಗೆ. ೧/೧೦೦೦ಕ್ಕೆ ಹೋಲಿಸಿದರೆ ನಾಲ್ಕು ಪಟ್ಟು ಬೆಳಕು ಪುಕ್ಕಟೆಯಾಗಿ ದೊರೆತಂತಾಯಿತು. ಬೀಸುವ ಕೈ, ರಾಕೆಟ್ಟು ಕದಡಿ ಕಾಣುತ್ತವೆ, ನಿಜ; ಕಾಣಲಿ. ಅವು ಬೀಸುತ್ತಿದ್ದವೆಂಬುದಕ್ಕೆ ಅದೇ ಸಾಕ್ಷಿ.

ಷಟಲನ್ನೂ ನಿಲ್ಲಿಸಲೇಬೇಕೆಂಬ ಹಟವನ್ನೂ ಬಿಡುವುದು ಲೇಸು. ಹದಿನಾರು ಗರಿಗಳ, ಐದು ಗ್ರಾಮಿನ ಆಸುಪಾಸು ತೂಗುವ ಈ ವಸ್ತುವನ್ನು ೨೦೨೩ರಲ್ಲಿ ನಮ್ಮ ದೇಶದ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿಯವರು ಜಪಾನಿನಲ್ಲಿ ಗಂಟೆಗೆ ೫೬೫ ಕಿಲೋಮೀಟರ್ ವೇಗದಲ್ಲಿ ಹೊಡೆದು ದಾಖಲೆ ಸ್ಥಾಪಿಸಿದರು. ಆ ವೇಗದಲ್ಲಿ ಷಟಲ್ ೧/೧೦೦೦ ಸೆಕೆಂಡಿನಲ್ಲಿ ೧೫ ಸೆಂಟಿಮೀಟರಿಗಿಂತ ಹೆಚ್ಚು ದೂರ, ತನ್ನ ಉದ್ದದ ಹೆಚ್ಚುಕಡಮೆ ಎರಡರಷ್ಟು, ಸಾಗುತ್ತದೆ. ಗಾಳಿಯ ತಡೆಯಿಂದ ಅದು ಬಲುಬೇಗ ನಿಧಾನಿಸುವುದೂ ಉಂಟು. ಎತ್ತರದಿಂದ ತಾನಾಗಿ ಬೀಳುವ ಷಟಲಿನ ವೇಗ ಸೆಕೆಂಡಿಗೆ ಸುಮಾರು ಏಳು ಮೀಟರಿನಲ್ಲಿಯೇ ನಿಂತುಬಿಡುತ್ತದೆ. ಗರಿಗಳು ಎಣಿಸುವಂತೆ ಕಾಣಬೇಕೆನ್ನುವವರು ಹೊಡೆತದ ಕ್ಷಣವನ್ನು ಬಿಟ್ಟು, ಬೀಳುವ ಷಟಲಿಗೆ ಕಾಯಬೇಕು.

ದೀಪಗಳ ವಿಷಯದಲ್ಲೂ ಒಂದು ಎಚ್ಚರಿಕೆ. ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಬಾರಿ ಆವರ್ತಿಸುವುದರಿಂದ ಅನೇಕ ಟ್ಯೂಬ್ ದೀಪಗಳೂ ಅಗ್ಗದ ಎಲ್‌ಇಡಿ ದೀಪಗಳೂ ಸೆಕೆಂಡಿಗೆ ೧೦೦ ಸಲ ಮಿಣುಕುತ್ತವೆ. ೧/೧೦೦೦ ಸೆಕೆಂಡಿನ ಚಿತ್ರ ಒಮ್ಮೆ ಮಿಣುಕಿನ ಏರಿನಲ್ಲಿ, ಒಮ್ಮೆ ಇಳಿವಿನಲ್ಲಿ ಸಿಕ್ಕಿಬಿದ್ದು, ಒಂದು ಬೆಳ್ಳಗೆ ಮತ್ತೊಂದು ಕಪ್ಪಗೆ ಆಗುವುದು ಇದರಿಂದ. ಹಜಾರದಲ್ಲಿ ನಿಂತು ಒಂದು ಪೆನ್ಸಿಲನ್ನು ಬೇಗಬೇಗನೆ ಬೀಸಿ ನೋಡಿ. ಅದು ಬೀಸಣಿಗೆಯ ಕಡ್ಡಿಗಳಂತೆ ಬಿಡಿಬಿಡಿಯಾಗಿ ಕಂಡರೆ ದೀಪ ಮಿಣುಕುತ್ತಿದೆಯೆಂದು ತಿಳಿಯಿರಿ. ಅಂತಹ ಕಡೆ ಒಂದೊಂದು ಹೊಡೆತಕ್ಕೂ ನಾಲ್ಕಾರು ಚಿತ್ರಗಳನ್ನು ತೆಗೆದು ಆರಿಸಿಕೊಳ್ಳಬೇಕು.

ಕೊನೆಗೆ, ಚುಕ್ಕೆ ಅಳಿಸುವ ತಂತ್ರಾಂಶದ ಪ್ರಶ್ನೆ. ಕದಲದ ವಸ್ತುವಿನ ಹಲವು ಚಿತ್ರಗಳನ್ನು ಕೂಡಿಸಿ ಸರಾಸರಿ ತೆಗೆಯುವುದು ನ್ಯಾಯವಾದ ಕ್ರಮ; ಅಲ್ಲಿ ನಿಜವಾಗಿಯೂ ಹೆಚ್ಚು ಫೋಟಾನುಗಳು ಸೇರುತ್ತವೆ. ಆಟಗಾರ ಕದಲುತ್ತಲೇ ಇರುವುದರಿಂದ ಆ ಕ್ರಮ ಇಲ್ಲಿ ನಡೆಯದು. ಆಗ ತಂತ್ರಾಂಶ, ತಾನು ಮೊದಲು ಕಂಡ ಸಾವಿರಾರು ಚಿತ್ರಗಳ ಆಧಾರದಿಂದ, ಇಲ್ಲಿ ಏನಿದ್ದಿರಬಹುದೆಂದು ಊಹಿಸುತ್ತದೆ. ಊಹೆ ಚೆನ್ನಾಗಿರಬಹುದು, ಆದರೆ ಊಹೆ ಅವಲೋಕನವಲ್ಲ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬ ತಾನು ಅಳೆಯದ ಬೆಲೆಗಳನ್ನು ನಕ್ಷೆಯ ಗೆರೆ ಚೆಂದವಾಗಲೆಂದು ಸೇರಿಸಿದರೆ ನಾವು ಅವನನ್ನು ಗದರಿಸುತ್ತೇವೆ. ಚಿತ್ರಕ್ಕೆ ಬೇರೆ ನ್ಯಾಯವೆ? ಮನೆಯ ಆಲ್ಬಮ್ಮಿಗೆ ನುಣುಪು ಮಾಡಿಕೊಳ್ಳುವವರು ಮಾಡಿಕೊಳ್ಳಲಿ. ಪತ್ರಿಕೆಗೆ, ಸ್ಪರ್ಧೆಗೆ, ಸಾಕ್ಷ್ಯಕ್ಕೆ ಕೊಡುವಾಗ ಹಾಗೆ ಮಾಡಿದ್ದೇವೆಂದು ಹೇಳುವುದು ಕರ್ತವ್ಯ.

ಆದುದರಿಂದ ಕಾಲೇಜುಗಳ ಮುಂದೆ ನಾವು ಮೂರು ಸಲಹೆಗಳನ್ನು ಇಡುತ್ತೇವೆ. ಆಟದ ಹಜಾರದಲ್ಲಿ ಫ್ಲಾಷನ್ನು ನಿಷೇಧಿಸಬೇಕು. ಸ್ಪರ್ಧೆಗಳಲ್ಲಿ ತಿದ್ದದ ಮೂಲಚಿತ್ರವನ್ನೂ ಕೇಳಬೇಕು. ಚುಕ್ಕೆಗಳಿಗಾಗಿ ಅಂಕ ಕಳೆಯಬಾರದು. ಮೂರನೆಯದಾಗಿ, ಸಮನಾಗಿ ಬೆಳಗಿದ ಬಿಳಿಯ ಕಾಗದವೊಂದನ್ನು ಬೇರೆಬೇರೆ ಷಟರ್ ಕಾಲಗಳಲ್ಲಿ ಚಿತ್ರಿಸಿ, ಬೆಳಕು ಹೆಚ್ಚಿದಂತೆ ಏರಿಳಿತ ವರ್ಗಮೂಲದ ನಿಯಮವನ್ನು ಹೇಗೆ ಅನುಸರಿಸುತ್ತದೆಂದು ಕಂಡುಕೊಳ್ಳುವ ಪ್ರಯೋಗವನ್ನು ಪದವಿ ತರಗತಿಗಳಲ್ಲಿ ಮಾಡಿಸಬೇಕು. ಖರ್ಚು ಬಹಳವಿಲ್ಲ, ಕ್ಯಾಮರಾ ಒಂದಿದ್ದರೆ ಸಾಕು.

ನಮ್ಮ ತಪ್ಪನ್ನು ತಿಳಿಸಿ ಆ ಕಾಲೇಜಿನವರಿಗೆ ಕಾಗದ ಬರೆದೆವು. ಆ ವೇಳೆಗೆ ಬಹುಮಾನಗಳ ವಿತರಣೆ ಮುಗಿದುಹೋಗಿತ್ತು; ಫಲಿತಾಂಶ ಬದಲಾಗಲಿಲ್ಲ. ಚುಕ್ಕೆಗಳ ಚಿತ್ರವನ್ನು ತೆಗೆದ ವಿದ್ಯಾರ್ಥಿನಿಯಿಂದ ಅದರ ಪ್ರತಿಯೊಂದನ್ನು ಕೇಳಿ ಪಡೆದು ನಮ್ಮ ಪ್ರಯೋಗಶಾಲೆಯ ಗೋಡೆಗೆ ಹಾಕಿದ್ದೇವೆ. ಹೊಸದಾಗಿ ಬಂದ ವಿದ್ಯಾರ್ಥಿಗಳು ಅದರ ಮುಂದೆ ನಿಂತು, “ಇದೇಕೆ ಹೀಗೆ ಚುಕ್ಕೆಚುಕ್ಕೆಯಾಗಿದೆ, ಸಾರ್?” ಎಂದು ಕೇಳುತ್ತಾರೆ. ಫೋಟಾನಿನ ಪಾಠವನ್ನು ನಾವು ಈಗ ಅಲ್ಲಿಂದಲೇ ಪ್ರಾರಂಭಿಸುತ್ತೇವೆ.