ಗದ್ದಲಕ್ಕೂ ನಗು ಬೇಕು

ಬೆಂಗಳೂರಿನಲ್ಲಿ ಓದುತ್ತ ರಜೆಗೆ ಹೊಳಲ್ಕೆರೆಗೆ ಬಂದಿದ್ದ ಯುವಕನೊಬ್ಬ ಜಪಾನಿನ ‘ನಾಯ್ಸ್’ ಸಂಗೀತದ ಬಗ್ಗೆ ಬಹಳ ಗಂಭೀರವಾಗಿ ವಿವರಿಸುತ್ತಿದ್ದ. ರಾಗವಿಲ್ಲ, ತಾಳವಿಲ್ಲ, ಬರೀ ಕರ್ಕಶ ಸದ್ದು. ಅದು ಯಂತ್ರನಾಗರಿಕತೆಯ ಆಕ್ರಂದನವಂತೆ, ಅದನ್ನು ಕೇಳಲು ಮನಸ್ಸಿಗೆ ಸಿದ್ಧತೆ ಬೇಕಂತೆ. ಅದೇ ಉಸಿರಿನಲ್ಲಿ, ನಮ್ಮೂರ ಕಡೆ ಕಾಮನ ಹಬ್ಬದಲ್ಲಿ ಹುಡುಗರು ಹಾಕುವ ಬೊಬ್ಬೆಯನ್ನು ಮಾತ್ರ ನಿಲ್ಲಿಸಬೇಕು, ಅದು ಅನಾಗರಿಕ ಎಂದೂ ಹೇಳಿದ. ಈ ಎರಡು ಮಾತೂ ಒಂದೇ ತಪ್ಪಿನಿಂದ ಹುಟ್ಟಿವೆ. ಎರಡು ಕಡೆಯೂ ಇರುವ ಚೇಷ್ಟೆ ಅವನ ಕಿವಿಗೆ ಬಿದ್ದೇ ಇಲ್ಲ. ಗದ್ದಲ ಕಲೆಯೋ ಅಲ್ಲವೋ ಎಂದು ಚರ್ಚಿಸುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಆ ಗದ್ದಲ ಯಾರನ್ನು ನಗಿಸುತ್ತಿದೆ, ಯಾರನ್ನು ಬಗ್ಗಿಸುತ್ತಿದೆ?

ಜಪಾನಿನವರನ್ನೇ ನೋಡಿ. ‘ಹನತರಾಶ್’ ತಂಡದ ಹೆಸರು ಹುಟ್ಟಿದ್ದು ಸಿಂಬಳ ಸುರಿಸುವ ಹುಡುಗನಿಗೆ ಜಪಾನಿನಲ್ಲಿ ಹೇಳುವ ಮಾತಿನಿಂದ. ಅದರ ನಾಯಕ ಯಾಮಾತ್ಸುಕಾ ಐ 1985ರಲ್ಲಿ ಟೋಕಿಯೊದ ಸಭಾಂಗಣವೊಂದಕ್ಕೆ ಮಣ್ಣು ಅಗೆಯುವ ಯಂತ್ರವನ್ನೇ ನುಗ್ಗಿಸಿದ. ಏನಾದರೂ ಆದರೆ ನಾವೇ ಹೊಣೆ ಎಂದು ಪ್ರೇಕ್ಷಕರಿಂದ ಮೊದಲೇ ಸಹಿ ಹಾಕಿಸಿಕೊಳ್ಳಲಾಗಿತ್ತು. ‘ಇನ್‌ಕೆಪಾಸಿಟೆಂಟ್ಸ್’ ಜೋಡಿಯಲ್ಲಿ ತೊಶಿಜಿ ಮಿಕಾವಾ ಬ್ಯಾಂಕ್ ನೌಕರ, ಫುಮಿಯೊ ಕೊಸಾಕಾಯಿ ಸರ್ಕಾರಿ ನೌಕರ. ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ಇಬ್ಬರು ಗೃಹಸ್ಥರು ವೇದಿಕೆಗೆ ಬಂದು ಮೈ ಕುಣಿಸುತ್ತ ಯಂತ್ರಗಳನ್ನು ಕಿರುಚಿಸುತ್ತಾರೆ. 1979ರಲ್ಲಿ ಹುಟ್ಟಿದ ‘ಹಿಜೋಕೈದಾನ್’ ತಂಡಕ್ಕೆ ‘ಗದ್ದಲದ ದೊರೆ’ ಎಂಬ ಬಿರುದೇ ಇದೆ. ಅದರಲ್ಲಿ ಜುಂಕೊ ಎಂಬಾಕೆ ಒಂದು ಪದವೂ ಇಲ್ಲದೆ ಚೀರುತ್ತಾರೆ. ಅಂಥ ತಂಡ 2013ರಲ್ಲಿ ‘ಬಿಸ್’ ಎಂಬ, ಹಾಡಿ ಕುಣಿಯುವ ಹುಡುಗಿಯರ ಜನಪ್ರಿಯ ತಂಡದೊಂದಿಗೆ ಸೇರಿ ಆಲ್ಬಮ್ಮನ್ನೇ ತಂದಿತು. ಇದರಲ್ಲಿ ಆಕ್ರಂದನವನ್ನು ಮಾತ್ರ ಕೇಳುವವನಿಗೆ ಅರ್ಧ ಕಿವುಡು. ಮರ್ಯಾದಸ್ಥರ ಲೋಕದ ಎದುರು ನಿಂತು ನಾಲಿಗೆ ಚಾಚುವ ಸಂತೋಷ ಅದರ ಜೀವ.

ಈಗ ನಮ್ಮ ಹೋಳಿ ಹುಣ್ಣಿಮೆಗೆ ಬರೋಣ. ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಿ ಹಬ್ಬಕ್ಕೆ ಕೆಲವು ದಿನ ಮುಂಚೆಯೇ ಹುಡುಗರು ಕಟ್ಟಿಗೆ, ಕುಳ್ಳು, ಮುರಿದ ಗಾಡಿಯ ಮರ ಕೂಡಿಹಾಕುತ್ತಿದ್ದರು. ಕೇಳಿ ತಂದದ್ದಕ್ಕಿಂತ ಕದ್ದು ತಂದದ್ದಕ್ಕೆ ಹೆಚ್ಚು ಬೆಲೆ. ತಮಟೆ ಸಿಕ್ಕರೆ ತಮಟೆ, ಇಲ್ಲದಿದ್ದರೆ ಖಾಲಿ ಎಣ್ಣೆ ಡಬ್ಬ, ತೂತಾದ ಕೊಡ. ಕಾಮನಿಗೆ ಬೆಂಕಿ ಬಿದ್ದ ಗಳಿಗೆಯಲ್ಲಿ ಊರಿನ ಗಂಡುಮಕ್ಕಳೆಲ್ಲ ಬಾಯಿ ಬಡಿದುಕೊಂಡು ‘ಲಬೋ ಲಬೋ’ ಎನ್ನುತ್ತಾರೆ. ಸಾವಿನ ಮನೆಯಲ್ಲಿ ಎದೆಯೊಡೆದು ಅಳುವವರು ಬಾಯಿ ಬಡಿದುಕೊಳ್ಳುವ ರೀತಿಯೇ ಇದು. ಸತ್ತವನು ಯಾರು? ಶಿವನ ಹಣೆಗಣ್ಣಿಗೆ ಸಿಕ್ಕಿ ಬೂದಿಯಾದ ಕಾಮ. ತಪಸ್ಸಿಗೆ ಭಂಗ ತಂದನೆಂದು ಮಹಾದೇವನೇ ಸುಟ್ಟವನಿಗಾಗಿ ಊರಿಗೆ ಊರೇ ಬೀದಿಯಲ್ಲಿ ನಿಂತು ಗೋಳಾಡುತ್ತದೆ, ಗೋಳಾಡುತ್ತಲೇ ನಗುತ್ತದೆ. ಶಿವನನ್ನು ಬಿಟ್ಟೂ ಕೊಡುವುದಿಲ್ಲ, ಕಾಮನನ್ನು ಬಿಟ್ಟೂ ಕೊಡುವುದಿಲ್ಲ. ಬರುವ ವರ್ಷ ಕಾಮ ಮತ್ತೆ ಇರುತ್ತಾನೆ ಎಂಬುದು ಅಳುವವರಿಗೆಲ್ಲ ಗೊತ್ತು. ಸಾವು, ವೈರಾಗ್ಯ, ಹಿರಿತನ, ಮೂರನ್ನೂ ಒಂದೇ ಕೂಗಿನಲ್ಲಿ ಅಣಕಿಸುವ ಇಂಥ ಧೈರ್ಯದ ಕಲ್ಪನೆ ಯಾವ ಪ್ರಯೋಗಶೀಲ ಸಂಗೀತಗಾರನಿಗೂ ಹೊಟ್ಟೆಕಿಚ್ಚು ತರಬೇಕು. ಇಟಲಿಯ ಲುಯಿಜಿ ರುಸ್ಸೊಲೊ ಗದ್ದಲವೂ ಸಂಗೀತವೆಂದು ಪ್ರಣಾಳಿಕೆ ಬರೆದದ್ದು 1913ರಲ್ಲಿ. ನಮ್ಮ ಹುಡುಗರಿಗೆ ಪ್ರಣಾಳಿಕೆ ಬೇಕಾಗಿರಲಿಲ್ಲ.

ಸುಸಂಸ್ಕೃತರ ಕಿವಿಗೆ ಇದು ಹಿತವಲ್ಲ ಎನ್ನುವವರಿಗೆ ನನ್ನ ಉತ್ತರ: ಹಿತವಾಗಿರಲಿ ಎಂದು ಇದನ್ನು ಯಾರೂ ಮಾಡಲಿಲ್ಲ.

ಆದರೆ ತಲೆಬಾಗಿ ಕೇಳಬೇಕಾದ ಆಕ್ಷೇಪಗಳಿವೆ. ಮೊದಲನೆಯದು ತಮಟೆಯದು. ಆ ಚರ್ಮವಾದ್ಯವನ್ನು ತಲೆಮಾರುಗಳ ಕಾಲ ಬಡಿದವರು ಇಷ್ಟಪಟ್ಟು ಬಡಿದವರಲ್ಲ. ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ಬಡಿಯಲೇಬೇಕೆಂಬ ಬಿಟ್ಟಿ ಚಾಕರಿ ಅದು. ಬಡಿದ ಮೇಲೂ ದೇವಸ್ಥಾನದ ಹೊರಗೇ ನಿಲ್ಲಬೇಕಿತ್ತು. ಇನ್ನು ಬಡಿಯುವುದಿಲ್ಲ ಎಂದು ದಲಿತ ಯುವಕರು ವಾದ್ಯವನ್ನು ಕೆಳಗಿಟ್ಟಾಗ ಅದನ್ನು ಜಾನಪದದ ನಷ್ಟ ಎಂದು ಮರುಗಿದವರ ಮಾತು ಕ್ರೂರ. ಆ ನಿರಾಕರಣೆ ನ್ಯಾಯವಾದದ್ದು. ಅದೇ ತಮಟೆ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ, ಬಡಿಯುವವರ ಸ್ವಂತ ಇಚ್ಛೆಯಿಂದ ಮೊಳಗಿದಾಗ ಊರ ಯಜಮಾನಿಕೆಯನ್ನೇ ಕೆಣಕಿತು. ಶಿಡ್ಲಘಟ್ಟದ ಕಡೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬಲವಂತದ ಸದ್ದಿಗೆ ನಗು ಬರುವುದಿಲ್ಲ. ಚೇಷ್ಟೆಗೆ ಮೊದಲು ಸ್ವಾತಂತ್ರ್ಯ ಬೇಕು.

ಎರಡನೆಯದು ಹೆಣ್ಣುಮಕ್ಕಳದು. ಕಾಮನ ಹಬ್ಬದ ನೆಪದಲ್ಲಿ ಹರಿದಾಡುವ ಹೊಲಸು ಮಾತು ಬಹಳ ಸಲ ಊರಿನ ಹೆಂಗಸರ ಮೇಲೆ, ಅದರಲ್ಲೂ ಗಂಡಸಿನ ಆಸರೆಯಿಲ್ಲದ ಮನೆಗಳ ಮೇಲೆ ಬೀಳುತ್ತದೆ. ಇದಕ್ಕೆ ಹಬ್ಬದ ರಕ್ಷಣೆ ಸಲ್ಲದು. ಅಣಕ ಮೇಲಿನವರ ಕಡೆಗೆ ತಿರುಗಿರಬೇಕು, ಕೈಲಾಗದವರ ಕಡೆಗೆ ತಿರುಗಿದರೆ ಅದು ಪುಂಡಾಟ.

ನಿಜಕ್ಕೂ ನಮ್ಮ ನೆಮ್ಮದಿ ಕೆಡಿಸುತ್ತಿರುವ ಸದ್ದಾದರೂ ಯಾವುದು? ಡಿಜೆ. ಚಿತ್ರದುರ್ಗದ ಬೀದಿಯಲ್ಲಿ ಮೆರವಣಿಗೆ ಹೊರಟರೆ, ಹಿರಿಯೂರಿನಲ್ಲಿ ಮದುವೆ ನಡೆದರೆ, ಲಾರಿಯ ಮೇಲೆ ಗೋಡೆಯಂತೆ ಪೇರಿಸಿದ ಪೆಟ್ಟಿಗೆಗಳು ಎದೆಗೂಡನ್ನು ನಡುಗಿಸುತ್ತವೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಆ ಅಂಕಿಗಳು ಕಾಗದದಲ್ಲೇ ಉಳಿದಿವೆ. ಆದರೆ ನನ್ನ ಸಿಟ್ಟು ಬರೀ ಡೆಸಿಬಲ್ಲಿನದಲ್ಲ. ಡಿಜೆಗೆ ತನ್ನನ್ನು ತಾನೇ ನಗೆಪಾಟಲು ಮಾಡಿಕೊಳ್ಳುವ ಗುಣವೇ ಇಲ್ಲ. ಅದು ಅಪ್ಪಣೆ ಮಾಡುತ್ತದೆ: ಇದು ನಮ್ಮ ಬೀದಿ, ನಮ್ಮ ಪಕ್ಷ, ನಮ್ಮ ಜಾತಿ, ನಮ್ಮ ದುಡ್ಡು, ನೀವು ಬಾಯಿ ಮುಚ್ಚಿ. ಡಬ್ಬ ಬಡಿಯುವ ಹುಡುಗನಿಗೆ ತೋಳು ನೋಯುತ್ತದೆ, ಅವನ ಗದ್ದಲಕ್ಕೆ ಮೈಯೇ ಮಿತಿ. ಧ್ವನಿಪೆಟ್ಟಿಗೆಯ ಗುಂಡಿ ತಿರುಗಿಸುವವನಿಗೆ ದಣಿವಿಲ್ಲ, ಅವನೆದುರು ಕುಣಿಯುವವರು ಒಂದು ಸದ್ದನ್ನೂ ತಾವೇ ಹುಟ್ಟಿಸುವುದಿಲ್ಲ. ಎಷ್ಟೇ ಅಬ್ಬರಿಸಿದರೂ ಅದು ವಿಧೇಯ ಗದ್ದಲ, ಅಧಿಕಾರದ ಗದ್ದಲ. ಪಕ್ಕದ ಮನೆಯ ಹಸುಗೂಸು, ಹೃದಯರೋಗಿ, ಪರೀಕ್ಷೆಗೆ ಓದುವ ಹುಡುಗಿ ಇದಕ್ಕೆ ದಂಡ ತೆರಬೇಕಾಗಿಲ್ಲ.

ಡಿಜೆಯನ್ನು ಬಿಟ್ಟರೆ ಸದ್ದಿಗೆ ನಮ್ಮಲ್ಲಿ ಬಡತನವೇನೂ ಇಲ್ಲ. ಮ್ಯಾಸನಾಯಕರ ಉರುಮೆ ವಾದ್ಯದ ಒಂದು ಮುಖವನ್ನು ಬಾಗಿದ ಕಡ್ಡಿಯಿಂದ ಉಜ್ಜಿದಾಗ ಏಳುವ ನರಳುದನಿಯನ್ನು ಕೇಳಿದವರಿಗೆ ಜಪಾನಿನ ಕರ್ಕಶತೆ ಅಪರಿಚಿತ ಎನಿಸಲಾರದು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಬಯಲು ರಂಗಮಂದಿರವಿದೆ, 1997ರಿಂದ ನಾಡು ಸುತ್ತುತ್ತಿರುವ ‘ಶಿವಸಂಚಾರ’ ನಾಟಕ ತಂಡದ ಕಲಾವಿದರಿದ್ದಾರೆ. ಅಲ್ಲೊಂದು ಸಂಜೆಯನ್ನು ಉರುಮೆಗೆ, ಡಬ್ಬಕ್ಕೆ, ‘ಲಬೋ ಲಬೋ’ಗೆ, ಹೆಣ್ಣುಮಕ್ಕಳ ಬೊಬ್ಬೆಗೂ ಬಿಟ್ಟುಕೊಡಿ ಎಂದು ಅಲ್ಲಿಯವರನ್ನು ಕೇಳಿಕೊಳ್ಳುತ್ತೇನೆ. ಊರ ಹಬ್ಬದ ಸಮಿತಿಯವರಲ್ಲಿ ಇನ್ನೊಂದು ವಿನಂತಿ: ಡಿಜೆ ಬಾಡಿಗೆಗೆ ಎತ್ತುವ ಚಂದಾ ಈ ವರ್ಷ ಎತ್ತಬೇಡಿ. ಮಕ್ಕಳ ಕೈಗೆ ಡಬ್ಬ ಕೊಟ್ಟು, ರಾತ್ರಿ ಹತ್ತರೊಳಗೆ ಮನೆಗೆ ಕಳಿಸಿ.