ಜಾಕಿಯ ಮೇಲೆ ಜೀವ

ಸಮೇತನಹಳ್ಳಿಯಂಥ ಹೊಸಕೋಟೆ ತಾಲ್ಲೂಕಿನ ಊರುಗಳ ರಸ್ತೆ ಬದಿಯ ಗ್ಯಾರೇಜಿನಲ್ಲಿ, ಲಾರಿಯಡಿ ಮಲಗಿ ದುಡಿಯುವವನನ್ನು ಕಾಯುವುದು ಯಾವುದು? ಅನೇಕ ವೇಳೆ ಒಂದು ಜಾಕಿ ಮಾತ್ರ. ಜಾಕಿ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಎಣ್ಣೆಯ ಒತ್ತಡದ ಜಾಕಿಯೊಳಗಿನ ವಾಷರು ಸವೆದು ಕೈಕೊಟ್ಟರೆ ಟನ್ನುಗಟ್ಟಲೆ ಭಾರ ಎದೆಯ ಮೇಲೆ ಇಳಿಯುತ್ತದೆ.

ಇದನ್ನು ಹಣೆಬರಹವೆಂದರೆ ಮಾಲೀಕನಿಗೆ ಅನುಕೂಲ. ಆದರೆ ತಡೆಯುವ ದಾರಿ ಸರಳ: ಗಟ್ಟಿಯಾದ ಸಮನೆಲ; ನೆಲದ ಮೇಲಿರುವ ಗಾಲಿಗಳಿಗೆ ಹಿಂದೆ ಮುಂದೆ ಅಡೆ; ಅಚ್ಚಿನ ಕೆಳಗೆ ಭಾರಕ್ಕೆ ತಕ್ಕ ಒಂದು ಜೊತೆ ಕಬ್ಬಿಣದ ಸ್ಟ್ಯಾಂಡು. ಇಟ್ಟಿಗೆ, ಸಿಮೆಂಟ್ ಬ್ಲಾಕು ಒಮ್ಮೆಗೇ ಒಡೆದು ಹೋಗುತ್ತವೆ, ಬೇಡ. ಭಾರವನ್ನು ಸ್ಟ್ಯಾಂಡಿನ ಮೇಲಿಳಿಸಿ, ಗಾಡಿಯನ್ನು ಅಲುಗಿಸಿ ನೋಡಿದ ಮೇಲೆಯೇ ಅಡಿಗೆ ಹೋಗಬೇಕು.

1923ರ ಪರಿಹಾರ ಕಾಯಿದೆ ಪೆಟ್ಟು ಬಿದ್ದ ಮೇಲಿನ ಮಾತನ್ನಾಡಿತು. 1948ರ ಕಾರ್ಖಾನೆ ಕಾಯಿದೆ ಹತ್ತು ಆಳಿಗಿಂತ ಕಡಿಮೆಯಿದ್ದ ಜಾಗವನ್ನು ಸಾಮಾನ್ಯವಾಗಿ ಹೊರಗೇ ಬಿಟ್ಟಿತು. ಸಣ್ಣ ಗ್ಯಾರೇಜಿನ ಹುಡುಗ ಹಾಗೆ ಹೊರಗುಳಿದವನು.

ಸರಕಿನ ಗಾಡಿ ಇಂದೇ ಬೇಕೆಂದು ಅವಸರಪಡಿಸುವ ವ್ಯಾಪಾರಿ ಬಂಧುಗಳೇ, ಆ ಅವಸರದ ಬೆಲೆ ತೆರುವವನು ಅಡಿಯಲ್ಲಿರುವವನು. ಸ್ಟ್ಯಾಂಡಿಲ್ಲದ ಗ್ಯಾರೇಜಿಗೆ ಗಾಡಿ ಬಿಡಬೇಡಿ. ಕೆಲಸಗಾರರೇ, ಸ್ಟ್ಯಾಂಡು ಕೇಳುವುದು ನಿಮ್ಮ ಹಕ್ಕು. ಒಬ್ಬನೇ ಕೇಳಿದರೆ ಕೆಲಸ ಹೋದೀತು. ಎಲ್ಲರೂ ಕೂಡಿ ಕೇಳಿದರೆ ಸ್ಟ್ಯಾಂಡು ಬಂದೀತು.